ಕೆಮ್ಮಣ್ಣು, ಪುಂಡಿ ನಾರು, ಎಂಟು ಪುಟ: ಒಂದು ಚಿತ್ರಪುಸ್ತಕದ ಕೆಲಸದ ಡೈರಿ

ಮಾಡಲು ಹೊರಟಿದ್ದು ಎಂಟು ಪುಟದ ಮಡಿಕೆ ಪುಸ್ತಕ. ಪುಟ 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಪೂರ್ತಿ ಬಿಚ್ಚಿದರೆ 120 ಸೆಂ.ಮೀ. ಉದ್ದದ ಒಂದೇ ಚಿತ್ರ. ವಿಷಯ ಭೂಮಿ ಹುಣ್ಣಿಮೆಯ ರಾತ್ರಿ: ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದು, ರಾತ್ರಿಯೆಲ್ಲ ಅಡುಗೆ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಭೂಮಿಗೆ ಬಡಿಸುವುದು. ಗೆರೆಯೂ ಬಣ್ಣವೂ ನಮ್ಮ ಕಡೆಯ ಹಸೆ ಚಿತ್ತಾರದಿಂದ ಕಲಿತದ್ದು. ಬಣ್ಣ ನಾಲ್ಕೇ. ಕೆಂಪು, ಬಿಳಿ, ಕಪ್ಪು, ಹಳದಿ. ಮೂಲಪ್ರತಿ ಮುಗಿದಿದೆ, ಅಚ್ಚಿನ ಕೆಲಸ ಅರ್ಧಕ್ಕೆ ನಿಂತಿದೆ. ಅಷ್ಟರವರೆಗಿನ ಲೆಕ್ಕ ಇಲ್ಲಿದೆ.

ಊರು ಸಾಗರದ ಹತ್ತಿರ. ಕೆಲಸ ಪೂರ್ತಿ ಮಳೆಗಾಲದಲ್ಲೇ ನಡೆಯಿತು. ಹಾಗಾಗಿ ತಾರೀಕಿನ ಬದಲು ಮಳೆ ನಕ್ಷತ್ರದ ಹೆಸರೇ ಹಾಕಿದ್ದೇನೆ, ಜೂನ್ ಕೊನೆಯ ಆರಿದ್ರಾದಿಂದ ಅಕ್ಟೋಬರಿನ ಚಿತ್ತೆಯವರೆಗೆ. ನಮ್ಮ ಕಡೆಯವರಿಗೆ ಅದೇ ಬೇಗ ಅರ್ಥವಾಗುತ್ತದೆ.

ಶುರು ಮಾಡುವ ಮೊದಲು

ಚಿತ್ರ ಬರೆಯುವುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಸೋದರಮಾವ ಬೋರ್ಡ್ ಬರೆಯುತ್ತಿದ್ದರು. ದಾರಕ್ಕೆ ಸೀಮೆಸುಣ್ಣ ಬಳಿದು, ಎರಡು ತುದಿ ಹಿಡಿದು ಚಟ್ ಅಂತ ಹೊಡೆದರೆ ಗೋಡೆ ಮೇಲೆ ನೇರ ಗೆರೆ. ನನಗೆ ಸಿಕ್ಕ ಮೊದಲ ಡ್ರಾಯಿಂಗ್ ಕ್ಲಾಸು ಅದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಮಾವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ, ಇನಾಮೆಲ್ ಡಬ್ಬಿ ಹಿಡಿದುಕೊಳ್ಳುವ ಕೆಲಸ ನನ್ನದು. ಆಮೇಲೆ ಫ್ಲೆಕ್ಸ್ ಬಂತು, ಮಾವ ಅಡಿಕೆ ವ್ಯಾಪಾರಕ್ಕೆ ಇಳಿದರು.

ಹೆಗ್ಗೋಡಿನಲ್ಲಿ ನೀನಾಸಂ ನಾಟಕ ನೋಡಲು ಹೋದಾಗ ನಾಟಕಕ್ಕಿಂತ ಜಾಸ್ತಿ ಹೊತ್ತು ಪೋಸ್ಟರ್ ಮುಂದೆ ನಿಂತಿರುತ್ತಿದ್ದೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಒಳಮಾಳಿಗೆಯಲ್ಲಿ ಗಂಡಭೇರುಂಡದ ಕೆತ್ತನೆ ಇದೆಯಲ್ಲ, ಅದನ್ನು ಕತ್ತು ನೋಯುವಷ್ಟು ನೋಡಿದ್ದೇನೆ. ಎರಡು ತಲೆ, ಆನೆ, ಸಿಂಹ, ಎಲ್ಲ ಒಂದೇ ಚೌಕದೊಳಗೆ. ಇಷ್ಟೆಲ್ಲ ತುಂಬಿದರೂ ಗಲಿಬಿಲಿ ಇಲ್ಲ. ಪುಟ ತುಂಬಿಸುವುದು ಹೇಗೆ ಅಂತ ಸಂಶಯ ಬಂದಾಗ ಈಗಲೂ ಅಲ್ಲಿಗೇ ಹೋಗುತ್ತೇನೆ.

ಹೊಟ್ಟೆಪಾಡಿಗೆ ಟ್ಯಾಬ್ಲೆಟ್‌ನಲ್ಲಿ ಬರೆಯುತ್ತೇನೆ. ಮಕ್ಕಳ ಪಾಠ, ಪೊಟ್ಟಣದ ಲೇಬಲ್, ಮದುವೆ ಇನ್ವಿಟೇಶನ್. ಅದರಲ್ಲಿ ನೂರಾರು ಬ್ರಷ್ ಇವೆ. ಆದರೆ ಯಾವುದರಲ್ಲಿ ಎಳೆದರೂ ಗೆರೆ ಇನ್ಯಾರದ್ದೋ ಅನ್ನಿಸುತ್ತಿತ್ತು. ತಪ್ಪಾದರೆ ಅಳಿಸಬಹುದು ಅನ್ನುವ ಧೈರ್ಯ ಕೈಯನ್ನು ಸೋಮಾರಿ ಮಾಡಿತ್ತು. ಈ ಪುಸ್ತಕಕ್ಕೆ ಒಂದೇ ನಿಯಮ ಹಾಕಿಕೊಂಡೆ: ಸ್ಕ್ಯಾನ್ ಆಗುವವರೆಗೆ ಟ್ಯಾಬ್ಲೆಟ್ ಮುಟ್ಟುವುದಿಲ್ಲ. ಬಣ್ಣ, ಬ್ರಷ್ ಎರಡೂ ಮೊದಲು ಸಿದ್ಧವಾಗಬೇಕು. ಅವು ಏನು ಬಿಡುತ್ತವೋ ಅಷ್ಟೇ ಚಿತ್ರ.

1. ಆರಿದ್ರಾ: ಕೆಂಪು

ಮನೆ ಹಿಂದಿನ ಧರೆಯಿಂದ, ಅಂದರೆ ಕಡಿದ ದಿಬ್ಬದಿಂದ, ಒಂದು ಕೆ.ಜಿ. ಕೆಮ್ಮಣ್ಣು. ಬೇರು, ಕಲ್ಲು ಆರಿಸಿ ಬಕೆಟ್ ನೀರಿನಲ್ಲಿ ಕಲಕಿದೆ. ಮೂವತ್ತರವರೆಗೆ ಎಣಿಸುವಷ್ಟರಲ್ಲಿ ದಪ್ಪ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಮತ್ತೆ ಕಲಕು, ಮತ್ತೆ ಬಗ್ಗಿಸು. ಕೊನೆಗೆ ಹಳೆ ಪಂಚೆಯಲ್ಲಿ ಸೋಸಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿದರೆ ತಳದಲ್ಲಿ ನುಣ್ಣನೆಯ ಕೆಸರು. ಬಚ್ಚಲೊಲೆ ಪಕ್ಕದಲ್ಲಿಟ್ಟು ಒಣಗಿಸಿದೆ. ಒಂದು ಕೆ.ಜಿ. ಮಣ್ಣಿಗೆ ಸುಮಾರು 200 ಗ್ರಾಂ ಪುಡಿ ಸಿಕ್ಕಿತು.

ಅಂಟಿಗೆ ಗ್ರಂಧಿಗೆ ಅಂಗಡಿಯಲ್ಲಿ ಗೋಂದು ಕೇಳಿದೆ. ಕೊಟ್ಟಿದ್ದು ಕತೀರಾ ಗೋಂದು, 50 ರೂಪಾಯಿ. ನೆನೆ ಹಾಕಿದರೆ ಕರಗಲೇ ಇಲ್ಲ. ಉಬ್ಬಿ ಉಬ್ಬಿ ಇಡೀ ಲೋಟ ಲೋಳೆ. ಬೇಸಿಗೆಯಾಗಿದ್ದರೆ ಶರಬತ್ತಿಗಾದರೂ ಹಾಕಬಹುದಿತ್ತು. ಬೇಕಾದ್ದು ಜಾಲಿ ಗೋಂದು. ಕೇಳುವಾಗಲೇ 'ನೀರಲ್ಲಿ ಪೂರ್ತಿ ಕರಗೋದು ಕೊಡಿ' ಅನ್ನಬೇಕು. ಅದು 100 ಗ್ರಾಂಗೆ 80 ರೂಪಾಯಿ.

ಒಂದು ಭಾಗ ಗೋಂದಿಗೆ ಎರಡು ಭಾಗ ಬಿಸಿನೀರು, ರಾತ್ರಿ ನೆನೆಸಿ ಸೋಸುವುದು. ಮೂರು ಚಮಚ ಮಣ್ಣಿಗೆ ಎರಡು ಚಮಚ ಗೋಂದಿನ ನೀರು, ನಾಲ್ಕು ಹನಿ ಜೇನು, ಒಂದು ಹನಿ ಲವಂಗದ ಎಣ್ಣೆ. ಗೋಂದು ಕಡಿಮೆಯಾದರೆ ಒಣಗಿದ ಮೇಲೂ ಬೆರಳಿಗೆ ಕೆಂಪು ಹತ್ತುತ್ತದೆ. ಜಾಸ್ತಿಯಾದರೆ ಹೊಳೆಯುತ್ತದೆ, ಸೀಳು ಬಿಡುತ್ತದೆ. ಜೇನು ಹಾಕದಿದ್ದರೆ ಹಾಳೆ ಬಗ್ಗಿಸಿದ ಕೂಡಲೇ ಚಕ್ಕೆ ಏಳುತ್ತದೆ.

ಅರೆಯಲು ಒರಳಿಗೆ ಕೈ ಹಾಕಿದೆ. ಅಮ್ಮ ಬಿಡಲಿಲ್ಲ. 'ನಾಳೆ ದೋಸೆ ಯಾವ ಬಣ್ಣಕ್ಕೆ ಬೇಕು?' ಅಂದರು. ಕೊನೆಗೆ ಹಳೆ ಕಿಟಕಿಯ ದಪ್ಪ ಗಾಜಿನ ತುಂಡು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದು, ಅದರ ಮೇಲೆ ತಳ ಸಪಾಟಾದ ಗಾಜಿನ ಪೇಪರ್‌ವೇಟ್. ಎಂಟರ ಆಕಾರದಲ್ಲಿ ತಿರುಗಿಸುತ್ತಾ ಅರೆಯಬೇಕು. ಶುರುವಿನಲ್ಲಿ ಕರಕರ ಸದ್ದು ಬರುತ್ತದೆ. ಸದ್ದು ನಿಂತರೆ ಬಣ್ಣ ಆಯಿತು ಅಂತ.

2. ಪುನರ್ವಸು: ಬ್ರಷ್

ಹಸೆ ಚಿತ್ತಾರ ಗೊತ್ತಿಲ್ಲದ ದೂರದೂರಿನವರಿಗಾಗಿ: ಸಾಗರ, ಸೊರಬ ಸುತ್ತಿನ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಚಿತ್ತಾರ ಇದು. ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ. ಅಕ್ಕಿಯ ಬಿಳಿ, ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯುವುದು ಪುಂಡಿ ನಾರಿನ ಬ್ರಷ್‌ನಲ್ಲಿ.

ನಾನು ದೀವರ ಮನೆಯವಳಲ್ಲ. ಪಕ್ಕದೂರಿನ ಒಬ್ಬ ಅಜ್ಜಿಯ ಹತ್ತಿರ ಹೋಗಿ ಕೇಳಿದೆ. ಅಟ್ಟದಲ್ಲಿ ಕಳೆದ ವರ್ಷದ ನಾರು ಇತ್ತು. ಒಂದು ಹಿಡಿ ಕೊಟ್ಟರು. ಪುಂಡಿ ದಂಟನ್ನು ನೀರಲ್ಲಿ ಕೊಳೆಸಿ, ಸಿಪ್ಪೆಯಿಂದ ಬಿಡಿಸಿದ ನಾರು ಅದು.

ಮೊದಲಿನದನ್ನು ನಾನು ಅಂಗಡಿ ಬ್ರಷ್‌ನ ಹಾಗೆ ಕಟ್ಟಿದೆ. ಎರಡು ಸೆಂ.ಮೀ. ಉದ್ದ, ತುದಿ ಚೂಪಾಗಿ ಕತ್ತರಿಸಿದ್ದು. ಗೆರೆ ಪೂರ್ತಿ ಗುಬುರು ಗುಬುರು. ಬಣ್ಣ ಒಂದು ಅಂಗುಲ ಓಡಿ ಖಾಲಿ. ಅಜ್ಜಿ ನೋಡಿ ನಕ್ಕು, ಅವರದ್ದನ್ನು ಕೈಗೆ ಕೊಟ್ಟರು. ನಾರು ಎಂಟು ಸೆಂ.ಮೀ. ಆದರೂ ಇತ್ತು. ಎಳೆ ಬಹಳ ಕಡಿಮೆ. ನಾನು ಅದರ ತುದಿ ಗೋಡೆಗೆ ತಾಗಿಸಿ ಎಳೆಯಲು ಹೋದೆ.

'ಎಳೀಬ್ಯಾಡ ತಂಗಿ. ನಾರು ಮಲಗ್ಸು. ಅದೇ ಹೋಗ್ತದೆ.'

ವಿಷಯ ಇರುವುದೇ ಅಲ್ಲಿ. ನಾರಿನ ಪೂರ್ತಿ ಉದ್ದ ಬಣ್ಣದಲ್ಲಿ ನೆನೆದಿರುತ್ತದೆ. ಅದನ್ನು ಅಡ್ಡ ಮಲಗಿಸಿ, ಮೊಣಕೈಯಿಂದ ನಿಧಾನ ಹಿಂದಕ್ಕೆ ಬಂದರೆ ನಾರು ತಾನೇ ನೇರ ದಾರಿ ಹಿಡಿಯುತ್ತದೆ. ದಪ್ಪ ಒಂದೇ ಸಮ. ಮಣಿಕಟ್ಟು ತಿರುಗಿಸಿದ ಕೂಡಲೇ ಕೆಡುತ್ತದೆ. ಹಾಗಾಗಿ ಈ ಬ್ರಷ್‌ನಲ್ಲಿ ಸಣ್ಣ ಬಾಗು, ಸುರುಳಿ, ಕಣ್ಣಿನ ರೆಪ್ಪೆ ಏನೂ ಆಗುವುದಿಲ್ಲ. ನೇರ ಗೆರೆ, ಓರೆ ಗೆರೆ, ಅವು ಕೂಡುವ ಜಾಗ, ಇಷ್ಟೇ. ಚಿತ್ತಾರದಲ್ಲಿ ಆಳುಗಳು, ತೇರು, ಬಳ್ಳಿ ಎಲ್ಲ ಯಾಕೆ ಮೂಲೆ ಮೂಲೆಯಾಗಿ ಇರುತ್ತವೆ ಅಂತ ಇಷ್ಟು ವರ್ಷ ನೋಡಿಯೂ ನನಗೆ ಹೊಳೆದಿರಲಿಲ್ಲ. ನನ್ನ ಸ್ಕೆಚ್ ಪುಸ್ತಕದಲ್ಲಿದ್ದ ಗುಂಡು ಗುಂಡು ಮುಖದ ಮಕ್ಕಳನ್ನೆಲ್ಲ ಅವತ್ತೇ ಕೈಬಿಟ್ಟೆ.

ಕೊನೆಗೆ ನಿಂತ ಅಳತೆ: ದಪ್ಪ ಗೆರೆಗೆ ಹತ್ತು ಹನ್ನೆರಡು ಎಳೆ, ತೆಳ್ಳಗಿನದಕ್ಕೆ ಮೂರು. ಬಿದಿರು ಕಡ್ಡಿಗೆ ಹತ್ತಿ ದಾರದಲ್ಲಿ ಬಿಗಿಯಾಗಿ ಕಟ್ಟಿ, ತುದಿಯನ್ನು ಕಲ್ಲಿನ ಮೇಲೆ ಮೆತ್ತಗೆ ಜಜ್ಜಿದ್ದು. ಬಳಸುವ ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಯಬೇಕು. ಬಣ್ಣ ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಬೇಕು.

3. ಪುಷ್ಯ: ಬೂಷ್ಟು

ಮಳೆ ಹಿಡಿದುಕೊಂಡಿತು. ಕೆಂಪು ಬಳಿದು ಗೋಡೆಗೆ ಒರಗಿಸಿದ್ದ ಹಾಳೆಗಳ ಮೇಲೆ ಬಿಳಿ ಬೂಷ್ಟು. ಗೋಂದೂ ಜೇನೂ ಇದ್ದ ಮೇಲೆ ಬೂಷ್ಟಿಗೆ ಹಬ್ಬವೇ. 350 ರೂಪಾಯಿಯ ತೇವ ಮಾಪಕ ತರಿಸಿದೆ. ಕೋಣೆಯೊಳಗೇ 92 ಶೇಕಡಾ ತೋರಿಸಿತು.

ಒಲೆ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ. ಒಣಗಿತು, ಆದರೆ ಹೊಗೆ ಹಿಡಿದು ಹಾಳೆ ಕಂದಿತು. ಅಡಿಕೆಗೆ ಸರಿ, ಕಾಗದಕ್ಕಲ್ಲ.

ಆಮೇಲೆ ಪೆಟ್ಟಿಗೆ ಮಾಡಿದೆ. ಹಳೆ ಪ್ಲೈವುಡ್ ಡಬ್ಬ, 60×45×45 ಸೆಂ.ಮೀ. ತಳದಲ್ಲಿ 40 ವಾಟಿನ ಹಳೆ ಕಾಲದ ಬಲ್ಬು. ಎಲ್‌ಇಡಿ ಬಲ್ಬು ಬೇಡ, ಅದು ಬಿಸಿಯಾಗುವುದಿಲ್ಲ. ಬಲ್ಬಿನ ಮೇಲೆ ನಾಲ್ಕು ಬೆರಳು ಬಿಟ್ಟು ತಗಡಿನ ಮಾಡು. ಅದಿಲ್ಲದೆ ಪೆಟ್ಟಿಗೆ ಹಚ್ಚಲೇಬೇಡಿ, ಬೆಂಕಿ ಹತ್ತುತ್ತದೆ. ತಗಡಿನಿಂದ 25 ಸೆಂ.ಮೀ. ಮೇಲೆ ಸೊಳ್ಳೆ ಜಾಲರಿ ಬಿಗಿದ ಚೌಕಟ್ಟು, ಹಾಳೆ ಮಲಗುವುದು ಅದರ ಮೇಲೆ. ಮುಚ್ಚಳಕ್ಕೆ ಆರು ತೂತು, ಕೆಳಗೆ ಪಕ್ಕಕ್ಕೆ ನಾಲ್ಕು. ಹೋಲ್ಡರು, ವೈರು, ಪ್ಲಗ್ ಸೇರಿ 120 ರೂಪಾಯಿ.

ಎರಡು ಗಂಟೆಗೆ ತೇವ 60ಕ್ಕೆ ಇಳಿಯಿತು. ಕೆಳಗಿನ ತೂತು ಮೊದಲು ಕೊರೆದಿರಲಿಲ್ಲ, ಆಗ ಮುಚ್ಚಳದ ಒಳಗೆ ಬೆವರು ಕಟ್ಟಿ ಹನಿ ಹಾಳೆ ಮೇಲೇ ಬಿದ್ದಿತ್ತು. ಕರೆಂಟು ಹೋದರೂ ಅದೇ ಪಾಡು. ಅದಕ್ಕೆ ಒಂದು ಬಟ್ಟಲಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು.

4. ಆಶ್ಲೇಷ: ಬಿಳಿ, ಹಳದಿ

ಜಾಸ್ತಿ ಕಾಡಿದ್ದು ಇವೆರಡೇ.

ಅಕ್ಕಿ ನೆನೆಸಿ ನುಣ್ಣಗೆ ಅರೆದು ಬರೆದೆ. ಹಸಿ ಇರುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬಿಳಿ ಏಳುತ್ತದೆ. ಗೋಡೆಗೂ ಬುಟ್ಟಿಗೂ ಅದು ಚೆಂದ. ಕಾಗದದ ಮೇಲೆ ದಪ್ಪ ಬರೆದರೆ ಸೀಳು, ತೆಳ್ಳಗೆ ಬರೆದರೆ ಕೆಂಪು ಇಣುಕುತ್ತದೆ. ಬೆಳಿಗ್ಗೆ ನೋಡಿದರೆ ಜಿರಲೆ ಅಂಚಿನುದ್ದಕ್ಕೂ ನೆಕ್ಕಿಕೊಂಡು ಹೋಗಿತ್ತು. ಗೋಡೆಯನ್ನು ಮುಂದಿನ ಮದುವೆಗೆ ಮತ್ತೆ ಬರೆಯುತ್ತಾರೆ, ಪುಸ್ತಕವನ್ನು ಹಾಗೆ ಬರೆಯಲು ಆಗುವುದಿಲ್ಲವಲ್ಲ.

ಎರಡನೆಯದು ಸುಣ್ಣ. ಗೋಂದಿನ ಜೊತೆ ಒಳ್ಳೆ ಬಿಳಿ ಬಂತು. ಖುಷಿಯಲ್ಲಿ ಪಕ್ಕದಲ್ಲೇ ಅರಿಸಿನದ ಹಳದಿ ಹಾಕಿದೆ. ಎರಡೂ ತಾಗಿದ ಕಡೆ ಕಣ್ಣೆದುರೇ ರಕ್ತಗೆಂಪು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಅಂತ ಆರತಿ ನೀರು ಕಲಸುವ ಯಾರಿಗೆ ಗೊತ್ತಿಲ್ಲ ಹೇಳಿ! ಬೆಳದಿಂಗಳಿನ ಭತ್ತದ ತೆನೆ ಬರೆಯಲು ಹೋಗಿ ಓಕುಳಿ ಆಯಿತು.

ಕೊನೆಗೆ ಸತುವಿನ ಬಿಳಿ ಪುಡಿ, ಅಂದರೆ ಜಿಂಕ್ ಆಕ್ಸೈಡ್, ಎರಡು ಭಾಗ. ಬಣ್ಣದಂಗಡಿಯ ಚಾಕ್ ಪೌಡರ್ ಒಂದು ಭಾಗ. ಕೆಂಪನ್ನು ಚೆನ್ನಾಗಿ ಮುಚ್ಚುತ್ತದೆ, ಬೂಷ್ಟೂ ಬೇಗ ಹಿಡಿಯುವುದಿಲ್ಲ. 'ಪೂರ್ತಿ ನೈಸರ್ಗಿಕ ಅಲ್ವಾ?' ಅಂತ ಕೇಳುವವರು ಇದ್ದಾರೆ. ಅಲ್ಲ. ನನಗೆ ಬೇಕಿದ್ದದ್ದು ನಾರು ಬಿಡುವ ಗೆರೆ. ವ್ರತ ಹಿಡಿದು ಕೂತಿರಲಿಲ್ಲ.

ಹಳದಿಗೆ ಗುರಿಗೆ ಕಾಯಿ ಆ ಹೊತ್ತಿಗೆ ಸಿಗಲಿಲ್ಲ. ಅರಿಸಿನದ ಪಟ್ಟಿಯನ್ನು ಅರ್ಧ ರಟ್ಟಿನಲ್ಲಿ ಮುಚ್ಚಿ ಕಿಟಕಿಗೆ ಅಂಟಿಸಿದ್ದೆ. ಈ ಮೋಡದ ಬೆಳಕಿಗೇ ತೆರೆದಿದ್ದ ಅರ್ಧ ಕಂದಿಹೋಯಿತು. ಹಾಗಾಗಿ ಅದೂ ಹೋಯಿತು. ಧರೆಯಲ್ಲಿ ಕೆಂಪಿನ ಕೆಳಗೆ ಹಳದಿ ಜೇಡಿಯ ಪದರ ಇದೆ, ಅದನ್ನೇ ತೊಳೆದು ಸೋಸಿದೆ. ಬೇಗ ಒಣಗಲಿ ಅಂತ ಕಬ್ಬಿಣದ ಬಾಣಲೆಯಲ್ಲಿ ಜೋರು ಉರಿಗೆ ಇಟ್ಟೆ. ಹಳದಿ ಮಣ್ಣು ಕೆಂಪು ಮಣ್ಣಾಯಿತು! ಹಳದಿ ಮಣ್ಣು ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದಂತೆ. ಎರಡನೇ ಕಂತನ್ನು ಬಲ್ಬಿನ ಪೆಟ್ಟಿಗೆಯಲ್ಲೇ ಒಣಗಿಸಿದೆ. ಮಂಕು ಹಳದಿ, ಆದರೆ ಕೆಂಪಿನ ಪಕ್ಕ ಸಾಕಷ್ಟು ಬೆಳಗುತ್ತದೆ.

5. ಮಘೆ: ಕಪ್ಪು

ಅಕ್ಕಿಯನ್ನು ಪೂರ್ತಿ ಇದ್ದಿಲಾಗುವವರೆಗೆ ಹುರಿದು ಅರೆಯುವುದು. ಪುಡಿ ನೀರಲ್ಲಿ ಬೆರೆಯಲಿಲ್ಲ, ಮೇಲೇ ತೇಲುತ್ತದೆ. ಅಂಟುವಾಳಕಾಯಿ ನೆನೆಸಿದ ನೀರು ಎರಡು ಹನಿ ಹಾಕಿದ ಕೂಡಲೇ ಮುಳುಗಿತು. ಜಾಸ್ತಿ ಹಾಕಿದರೆ ನೊರೆ ಬಂದು ಗೆರೆಯಲ್ಲಿ ಗುಳ್ಳೆ ಉಳಿಯುತ್ತದೆ.

ಅಕ್ಷರಕ್ಕೆ ಬೇರೆ ಕಪ್ಪು. ಅಡಿಕೆ ಬೇಯಿಸಿದ ಚೊಗರು ಮನೆಯಲ್ಲಿ ಕಳೆದ ವರ್ಷದ್ದು ಇತ್ತು. ತುಕ್ಕು ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿದೆ. ವಾಸನೆಗೆ ಜಗಲಿಯಿಂದ ಗಡೀಪಾರು ಆಯಿತು. ಎರಡೂ ಬೆರೆಸಿದರೆ ಕಂದು ಚೊಗರು ಕಪ್ಪಾಗುತ್ತದೆ. ಬಿದಿರಿನ ಲೇಖನಿಯಲ್ಲಿ ಸೊಗಸಾಗಿ ಓಡುತ್ತದೆ. ಒಂದೇ ಎಚ್ಚರಿಕೆ, ಈ ಶಾಯಿಗೆ ಹುಳಿ ಗುಣ ಇದೆ, ವರ್ಷಗಟ್ಟಲೆ ಇಟ್ಟರೆ ಕಾಗದವನ್ನು ತಿನ್ನುತ್ತದೆ. ಹಾಗಾಗಿ ಅಕ್ಷರವನ್ನು ಬೇರೆ ಹಾಳೆಯಲ್ಲಿ ಬರೆದೆ. ಸ್ಕ್ಯಾನ್ ಆದ ಮೇಲೆ ಜೋಡಿಸಿದರಾಯಿತು.

6. ಹುಬ್ಬೆ, ಉತ್ತರೆ: ಮಡಿಕೆ ಮತ್ತು ಚಿತ್ರ

ಕಾಗದ 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ) ಹತ್ತಿ ಕಾಗದ, 56×76 ಸೆಂ.ಮೀ. ಹಾಳೆಗೆ 380 ರೂಪಾಯಿ. ಮೊದಲು ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿ, ನಾಲ್ಕು ನಾಲ್ಕು ಪುಟ ಮಡಚಿದೆ. ಮಡಿಕೆಯಲ್ಲಿ ಕಾಗದವೇ ಸಿಡಿದು ಬಿಳಿ ನಾರು ಕಂಡಿತು. ಕಾಗದಕ್ಕೂ ಎಳೆಯ ದಿಕ್ಕು ಇದೆ, ಮಡಿಕೆ ಅದರ ಜೊತೆ ಹೋಗಬೇಕು, ಅಡ್ಡ ಹೋಗಬಾರದು. ಕತ್ತರಿಸುವ ಮೊದಲು ಹಾಳೆಯನ್ನು ಎರಡೂ ಕಡೆ ಸುಮ್ನೆ ಬಗ್ಗಿಸಿ ನೋಡಿ, ಸಲೀಸಾಗಿ ಬಗ್ಗುವ ಕಡೆಯೇ ಮಡಿಕೆ. ಎರಡನೇ ಹಾಳೆಯನ್ನು ಅಗಲಕ್ಕೆ ಮೂರು ಪಟ್ಟಿ ಮಾಡಿದೆ: ಮೂರು ಪುಟ, ಮೂರು ಪುಟ, ಎರಡು ಪುಟ. ಅಂಟಿಸಲು 1.5 ಸೆಂ.ಮೀ. ಹೆಚ್ಚುವರಿ. ಮಡಿಕೆಯ ಎರಡೂ ಪಕ್ಕ 4 ಮಿ.ಮೀ. ಬಣ್ಣ ಬೇಡ, ಚಕ್ಕೆ ಏಳುತ್ತದೆ.

ಈ 4 ಮಿ.ಮೀ. ಖಾಲಿ ಜಾಗ ಚಿತ್ರವನ್ನೇ ತಿದ್ದಿತು. ಮೊದಲು ಗದ್ದೆ ಬದುವಿನ ಮೇಲೆ ಹೋಗುವ ಮೆರವಣಿಗೆ ಎಂಟೂ ಪುಟಕ್ಕೆ ತುಂಡಿಲ್ಲದೆ ಹರಿಯುವಂತೆ ಯೋಚಿಸಿದ್ದೆ. ಈಗ ಪ್ರತಿ ಮಡಿಕೆಯಲ್ಲೂ ಅದು ಕಡಿದುಹೋಗುತ್ತದೆ. ಆ ಜಾಗದಲ್ಲೆಲ್ಲ ಒಂದೊಂದು ಕಂಬ ಇದೆ ಅಂದುಕೊಂಡೆ: ಜಗಲಿ ಕಂಬ, ಬೇಲಿ ಗೂಟ, ಅಡಿಕೆ ಮರ. ಕತೆ ಅವುಗಳ ನಡುವೆ ನಡೆಯುತ್ತದೆ. ಒಂದನೇ ಪುಟದಲ್ಲಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿಯುವ ಕೈಗಳು. ಮೂರರಲ್ಲಿ ಒಲೆ, ಹಚ್ಚಂಬಲಿಗೆ (ಗದ್ದೆಗೆ ಬೀರುವ ಸೊಪ್ಪಿನ ಅಡುಗೆ) ರಾಶಿ ಸೊಪ್ಪು. ಐದರಲ್ಲಿ ಕತ್ತಲು, ಒಂದು ಲಾಟೀನು, ಅಷ್ಟೇ ಹಳದಿ. ಏಳರಲ್ಲಿ ಗದ್ದೆಯಲ್ಲಿ ಕಡುಬು ಹೂಳುತ್ತಿರುವ ಮಗು.

ಚಿತ್ತಾರದಿಂದ ಏನು ತೆಗೆದುಕೊಳ್ಳಬೇಕು, ಏನು ಬೇಡ ಅನ್ನುವುದೂ ಇಲ್ಲೇ ತೀರ್ಮಾನವಾಯಿತು. ಮದುವೆಯ ಹಸೆ ಗೋಡೆಯ ಚೌಕವನ್ನು ನಾನು ಬರೆದಿಲ್ಲ. ಅದು ಮದುವೆಯ ಮನೆಯಲ್ಲಿ, ಹಾಡಿನ ಜೊತೆ ಬರೆಯುವಂಥದ್ದು. ಮುಖಪುಟಕ್ಕೆ ಎತ್ತಿ ಅಂಟಿಸುವ ಡಿಸೈನ್ ಅಲ್ಲ. ತೆಗೆದುಕೊಂಡದ್ದು ಎಳೆ. ಏಳನೇ ಪುಟದ ಭತ್ತವನ್ನು ಗಿಡ ಗಿಡವಾಗಿ ಬರೆಯದೆ ಬರೀ ಬಿಳಿ ಎಳೆಗಳ ಸಾಲಾಗಿ ಬರೆದೆ. ತೆನೆ ಹೊತ್ತ ಕಡೆ ಎಳೆಗಳು ಹತ್ತಿರ ಹತ್ತಿರ, ಬದುವಿನ ಕಡೆ ದೂರ ದೂರ. ಉಸಿರು ಬಿಗಿ ಹಿಡಿದು ಬರೆದ ಸಾಲುಗಳು ಒಂದೂ ಸರಿ ಬರಲಿಲ್ಲ. ಹೊರಗೆ ಹಾಲಿನವನ ಜೊತೆ ಮಾತಾಡುತ್ತಾ ಎಳೆದವು ಸರಿ ಬಂದವು. ಬುಟ್ಟಿಯ ಪುಟವನ್ನು ಅಜ್ಜಿಗೆ ತೋರಿಸಿದೆ. ಅವರು ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. 'ಬುಟ್ಟಿ ಎರಡು ಇರ್ಬೇಕಲ, ಸಣ್ಣದೆಲ್ಲಿ?' ಅಂದರು. ಹೌದು, ಹಚ್ಚಂಬಲಿಯ ಸಣ್ಣ ಬುಟ್ಟಿ ಬಿಟ್ಟುಹೋಗಿತ್ತು. ಮೂಲೆಯಲ್ಲಿ ಸೇರಿಸಿದೆ. ಪುಟ ಆಗಲೇ ತೂಕಕ್ಕೆ ಬಂದದ್ದು.

7. ಹಸ್ತ: ಸ್ಕ್ಯಾನ್, ಅಚ್ಚು

ಎ4 ಸ್ಕ್ಯಾನರ್, 600 ಡಿಪಿಐ. 46.5 ಸೆಂ.ಮೀ. ಪಟ್ಟಿಗೆ ಎರಡು ಸಲ, ನಡುವೆ ಸಾಕಷ್ಟು ಒಂದರ ಮೇಲೊಂದು ಬರುವ ಹಾಗೆ. ಒಂದಕ್ಕೆ 20ರಂತೆ 120 ರೂಪಾಯಿ. ಮುಚ್ಚಳ ಒತ್ತಿ ಹಿಡಿಯದಿದ್ದರೆ ಉಬ್ಬಿದ ಕಡೆ ಮಸುಕು.

ಡಿಜಿಟಲ್ ಪ್ರೂಫ್, ಅಂದರೆ ಮಾದರಿ ಅಚ್ಚು, 180 ರೂಪಾಯಿ. ಕೆಂಪು ಸತ್ತುಹೋಗಿತ್ತು. ಕಂಪ್ಯೂಟರ್ ಪರದೆಯಲ್ಲಿ ಬಣ್ಣ ಎಷ್ಟು ತಿದ್ದಿದರೂ ಒಮ್ಮೆ ಇಟ್ಟಿಗೆ, ಒಮ್ಮೆ ಗುಲಾಬಿ. ಮೇಲಾಗಿ ಟೋನರಿನ ಹೊಳಪು. ಮಣ್ಣಿಗೆ ಹೊಳಪು ಇರುವುದಿಲ್ಲ.

ಶಿವಮೊಗ್ಗದಲ್ಲಿ ಮದುವೆ ಕಾರ್ಡ್ ಸ್ಕ್ರೀನ್ ಪ್ರಿಂಟ್ ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಮೂಲಪ್ರತಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಎರಡು ಡಬ್ಬಿ ಇಂಕು, ಚೂರು ಕಪ್ಪು ಕಲಸಿ, ಬೆರಳಲ್ಲಿ ಕಾಗದಕ್ಕೆ ಸವರಿ ಪಕ್ಕದಲ್ಲಿಟ್ಟರು. ಅದೇ ಕೆಂಪು. ಐದು ನಿಮಿಷವೂ ಆಗಿರಲಿಲ್ಲ.

'ಮೇಡಂ, ಕೆಂಪು ಮೊದ್ಲು ಪೂರ್ತಿ ಹೊಡಿಯೋಣ. ಬಿಳಿ ಕೊನೇಲಿ, ಎರಡು ಸಲ. ಒಂದೇ ಸಲಕ್ಕೆ ಕೆಂಪು ಕಾಣ್ತದೆ.'

ಮೂರು ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಜೋಡಿಸಿದರೆ ಬಣ್ಣಕ್ಕೊಂದರಂತೆ ನಾಲ್ಕೇ ಸ್ಕ್ರೀನು (ಇಂಕು ದಾಟಿಸುವ ಜಾಲರಿ ಚೌಕಟ್ಟು). ಸ್ಕ್ರೀನಿಗೆ 700ರಂತೆ 2,800. ನೂರು ಪ್ರತಿಗೆ ಅಚ್ಚು 2,400, ಕಾಗದ 2,200. ಒಟ್ಟು 7,400, ಪ್ರತಿಗೆ 74 ರೂಪಾಯಿ. ಬಿಳಿಯ ಎರಡನೇ ಸಲದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮಡಚುವುದು, ಅಂಟಿಸುವುದು ನಾನೇ.

ಮೂಲಪ್ರತಿಗೆ ಆದ ಖರ್ಚು: ಎರಡೂ ಗೋಂದು 130, ತೇವ ಮಾಪಕ 350, ಪೆಟ್ಟಿಗೆ 120, ಕಾಗದ 760, ಲವಂಗದ ಎಣ್ಣೆ 60, ಸ್ಕ್ಯಾನ್ 120, ಪ್ರೂಫ್ 180. ಒಟ್ಟು 1,720 ರೂಪಾಯಿ. ಸತುವಿನ ಪುಡಿ, ಚಾಕ್ ಪೌಡರ್, ಸಿಲಿಕಾ ಮಾವನ ಹಳೆ ಪೆಟ್ಟಿಗೆಯಲ್ಲಿ ಸಿಕ್ಕವು.

8. ಚಿತ್ತೆ: ಈಗ ಎಲ್ಲಿದ್ದೇವೆ

ಕೆಂಪು ಹೊಡೆದಾಯಿತು. ಹಾಳೆ ಪೂರ್ತಿ ಇಂಕು ಕುಡಿದು, ತೇವಕ್ಕೆ ಅಂಚೆಲ್ಲ ಮೇಲೆದ್ದು ಸುರುಳಿಯಾಗಿದೆ. ಈ ಸ್ಥಿತಿಯಲ್ಲಿ ಕಪ್ಪು ಹೊಡೆದರೆ ಗುರುತಿಗೆ ಗುರುತು ಕೂಡುವುದಿಲ್ಲ. ಎರಡು ಮಿ.ಮೀ. ಸರಿದರೂ ತೆಳ್ಳಗಿನ ಎಳೆಗಳೆಲ್ಲ ಒಂದಕ್ಕೊಂದು ಅಂಟುತ್ತವೆ. ಹಾಳೆಗಳನ್ನು ಹಲಗೆಗಳ ನಡುವೆ ಕಲ್ಲು ಹೇರಿ ಇಟ್ಟಿದ್ದಾರೆ. ಬಲ್ಬಿನ ಪೆಟ್ಟಿಗೆಯಲ್ಲಿ ಇಷ್ಟು ದೊಡ್ಡ ಹಾಳೆ ಹಿಡಿಯುವುದಿಲ್ಲ. ಬಿಸಿಲು ಬರದಿದ್ದರೆ ಮುಂದಿನ ವಾರ ಒಂದು ಹಳೆ ಬೀರುವಿಗೆ ಎರಡು ಬಲ್ಬು ಹಾಕಿ, ಅದನ್ನು ಶಿವಮೊಗ್ಗಕ್ಕೇ ಸಾಗಿಸುವ ಯೋಚನೆ ಇದೆ. ಗೂಡ್ಸ್ ಗಾಡಿಯವರು 900 ಕೇಳಿದ್ದಾರೆ, 700ಕ್ಕೆ ಬರಬಹುದು.